ಬೆನ್ನ ಹಿಂದಿನ ನೆರಿಗೆ

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಅದನ್ನು ಮುಚ್ಚಿಡುವ ಅಭ್ಯಾಸ ನನಗಿಲ್ಲ. ಬಿ.ಸಿ.ರೋಡಿನ ನನ್ನ ಅಂಗಡಿಗೆ ಬಂದವರಿಗೆ ಗೊತ್ತು, ನಾನು ಹಾಕಿದ ಚೌಕಟ್ಟಿಗೆ ಹುಳ ಬಿದ್ದದ್ದಿಲ್ಲ. ನಾನು ತಿದ್ದಿದ ಫೋಟೋವನ್ನು ಯಾರೂ 'ಇದು ನಮ್ಮ ಅಜ್ಜನಲ್ಲ' ಎಂದು ಹಿಂದೆ ತಂದದ್ದಿಲ್ಲ. ಹೀಗೆ ಹೇಳಿಕೊಂಡು ನಲವತ್ತು ವರ್ಷ ತಿರುಗಿದ್ದೇನೆ. ಕಳೆದ ಸಲ ಮಳೆ ನಿಂತು ಬಿಸಿಲು ಬಂದ ವಾರದಲ್ಲಿ ಒಂದು ಫೋಟೋ ಹಿಂದೆ ಬಂತು.

ತಂದವರು ಕೊಕ್ಕಡದ ಕಡೆಯ ಒಬ್ಬ ಹೆಂಗಸು. ನನ್ನದೇ ಪ್ರಾಯ, ಅರವತ್ತು ದಾಟಿದವರು. ಕೇರಳದಿಂದ ಬಂದು ಇಲ್ಲಿ ಕಾಡು ಕಡಿದು ರಬ್ಬರ್ ಹಾಕಿದ ಕ್ರೈಸ್ತರ ಮನೆಯವರು. ಹುಟ್ಟಿದ್ದು, ಕನ್ನಡ ಶಾಲೆಗೆ ಹೋದದ್ದು ಎಲ್ಲ ಇಲ್ಲೇ ಆದ್ದರಿಂದ ಮಾತು ನಮ್ಮ ಹಾಗೆಯೇ. ಪೇಪರಿನಲ್ಲಿ ಸುತ್ತಿದ್ದ ಚೌಕಟ್ಟನ್ನು ಮೇಜಿನ ಮೇಲೆ ಇಟ್ಟು, ದಾರ ಬಿಚ್ಚುವ ಮೊದಲೇ ಕೇಳಿದರು.

"ಬೆಳ್ತಂಗಡಿಯ ಆ ಹಳೇ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದದ್ದು ನೀವಾ ಅಣ್ಣ?"

"ಹೌದು."

"ಅಲ್ಲಿ ಈಗ ಮೊಬೈಲಿನ ಅಂಗಡಿ ಉಂಟು. ಅವರೇ ನಿಮ್ಮನ್ನು ಹೇಳಿದ್ದು. ಇದು ನಮ್ಮ ಅಮ್ಮಚ್ಚಿ, ನನ್ನ ತಾಯಿ. ತೀರಿಹೋಗಿ ತುಂಬ ವರ್ಷ ಆಯ್ತು. ಅವರ ಫೋಟೋ ಅಂತ ಇರುವುದು ಇದೊಂದೇ."

ಪೇಪರು ಸರಿಸಿದೆ. ಗಿಳಿಹಸಿರು ಸೀರೆ, ಕೆಂಪು ರವಿಕೆ, ಸೀರೆಗೆ ಎರಡು ಬೆರಳು ಅಗಲದ ಬಳ್ಳಿಯ ಅಂಚು, ತುಟಿಗೆ ತೆಳು ಗುಲಾಬಿ. ಐವತ್ತರ ಆಚೀಚಿನ ಹೆಂಗಸು, ಸ್ವಲ್ಪ ಪಕ್ಕಕ್ಕೆ ತಿರುಗಿ ನಿಂತು ನಮ್ಮನ್ನೇ ನೋಡುತ್ತಿದ್ದಾರೆ. ಕಪ್ಪು-ಬಿಳುಪು ಪ್ರಿಂಟಿನ ಮೇಲೆ ಕುಂಚದಿಂದ ಹಚ್ಚಿದ ಬಣ್ಣ. ಇಷ್ಟು ವರ್ಷ ಆದರೂ ಎಲ್ಲಿಯೂ ಹರಡಿಲ್ಲ, ಮಾಸಿಲ್ಲ. ಅಂಚಿನ ಆ ಬಳ್ಳಿಯ ಕೆಲಸ ಮಾಡುತ್ತಿದ್ದ ಕೈ ಈ ಮೂರು ತಾಲೂಕುಗಳಲ್ಲಿ ಒಂದೇ ಇತ್ತು. ಅದು ನನ್ನದು.

"ಚೆಂದ ಉಂಟಲ್ಲ?" ಅಂದೆ.

"ಚೆಂದ ಉಂಟು. ಆದ್ರೆ ಇದು ನಮ್ಮ ಅಮ್ಮಚ್ಚಿ ಅಲ್ಲ."

"ಅಂದ್ರೆ? ಫೋಟೋ ಅದಲುಬದಲಾಗಿದೆಯಾ?"

"ಮುಖ ಅವರದ್ದೇ. ಕುತ್ತಿಗೆಯಿಂದ ಕೆಳಗೆ ಬೇರೆ ಯಾರೋ. ಅಮ್ಮಚ್ಚಿ ಸಾಯುವವರೆಗೆ ಒಂದು ದಿವಸ ಸೀರೆ ಉಟ್ಟವರಲ್ಲ ಮಾರಾಯ್ರೆ. ಚಟ್ಟ, ಮುಂಡು. ಅಷ್ಟೇ. ಅದೂ ಬಿಳಿಯದ್ದು."

ಚಟ್ಟ ಅಂದರೆ ಅವರ ಭಾಷೆಯಲ್ಲಿ ಸೊಂಟದವರೆಗೆ ಬರುವ ಸಡಿಲ ಬಿಳಿ ರವಿಕೆ. ಮುಂಡು ಅಂದರೆ ಸೊಂಟಕ್ಕೆ ಉಡುವ ಬಿಳಿ ಬಟ್ಟೆ. ಅದರ ಒಂದು ತುದಿಯನ್ನು ಸಣ್ಣ ಸಣ್ಣ ನೆರಿಗೆ ಹಿಡಿದು ಬೆನ್ನ ಹಿಂದೆ ಸೊಂಟದಲ್ಲಿ ಸಿಕ್ಕಿಸಿದರೆ ಬೀಸಣಿಗೆಯ ಹಾಗೆ ಬಿಚ್ಚಿಕೊಂಡು ನಿಲ್ಲುತ್ತದೆ. ಆ ಊರಿನಿಂದ ಬಂದ ಮೊದಲ ತಲೆಮಾರಿನ ಹೆಂಗಸರು ಇಲ್ಲಿಯೂ ಅದನ್ನೇ ಉಡುತ್ತಿದ್ದರು. ಈಗ ಉಡುವವರು ಒಬ್ಬರೂ ಇಲ್ಲ.

ಅವರ ಚರ್ಚಿನ ಹಾಲ್‌ನಲ್ಲಿ ಡಿಸೆಂಬರಿನ ಹಬ್ಬಕ್ಕೆ, ಮೊದಲು ಬಂದ ಅಮ್ಮಂದಿರ ಫೋಟೋಗಳನ್ನು ದೊಡ್ಡದು ಮಾಡಿ ಸಾಲಾಗಿ ಹಾಕುವುದಂತೆ, ಎಲ್ಲರದ್ದೂ ಅವರ ಊರಿನ ಉಡುಪಿನಲ್ಲೇ. "ಎಲ್ಲರ ಮನೆಯಿಂದ ಬಂತು. ನಮ್ಮದು ಮಾತ್ರ ಹಸಿರು ಸೀರೆ. ನೋಡಿದವರು 'ಇವರು ಯಾರು, ಟೀಚರಾ?' ಅಂತ ಕೇಳ್ತಾರೆ. ಈ ಬಣ್ಣ ತೆಗೀಲಿಕ್ಕೆ ಆಗ್ತದಾ?"

"ಪ್ರಿಂಟಿನಿಂದ ಆಗುವುದಿಲ್ಲ. ನೆಗೆಟಿವ್ ಸಿಕ್ಕಿದ್ರೆ ಹೊಸತು ಮಾಡಬಹುದು."

"ಹುಡುಕಿ ಕೊಡಿ ಅಣ್ಣ." ಹೊರಡುವಾಗ, ಒಯ್ಯಲೆಂದು ಪುನಃ ಸುತ್ತಿದ ಚೌಕಟ್ಟಿನ ಮೇಲೆ ಬೆರಳಿಟ್ಟು ಕೇಳಿದರು, "ಇದಕ್ಕೆ ಬಣ್ಣ ಬಳಿದವ ಯಾರು ಅಂತ ನಿಮಗೆ ಗೊತ್ತಿರಬೇಕಲ್ಲ?"

"ಅಲ್ಲಿ ಎರಡು ಮೂರು ಜನ ಇದ್ದೆವು," ಅಂದೆ.

"ಅವ ಸಿಕ್ಕಿದ್ರೆ ಒಂದು ಮಾತು ಕೇಳ್ಲಿಕ್ಕಿತ್ತು."

"ಎಂತ?"

"ಅಮ್ಮಚ್ಚಿ ಅಲ್ಲಿಗೆ ಬರುವಾಗ ಬಟ್ಟೆ ಹಾಕಿಕೊಂಡು ಬಂದಿರ್ಲಿಲ್ವಾ ಅಂತ."

ಅವರು ಹೋದ ಮೇಲೆ ನನಗೆ ಬಂದದ್ದು ನಾಚಿಕೆಯಲ್ಲ, ಸಿಟ್ಟು. ಎರಡು ದಿನ ಕೂತು ಮಾಡಿದ ಕೆಲಸ ಅದು. ಆಗ ನನಗೆ ಇಪ್ಪತ್ತೊಂದು. ಸ್ಟುಡಿಯೋದಲ್ಲಿ ಇದ್ದದ್ದು ಇಬ್ಬರೇ. ಕ್ಯಾಮೆರಾ ಹಿಡಿಯುತ್ತಿದ್ದವರು ಧಣಿ. ಮಾಲಕರನ್ನು ಧಣಿ ಎನ್ನುವುದೇ ಆಗಿನ ರೂಢಿ. ತಿದ್ದುವ ಕೆಲಸ ಪೂರ್ತಿ ನನ್ನದು. ಸಿಡುಬಿನ ಕಲೆ ತಿದ್ದುವುದು, ಮಾಲುಗಣ್ಣು ತಿದ್ದುವುದು, ಹರಿದ ಅಂಗಿಗೆ ಕಾಲರು ಕೂರಿಸುವುದು, ಹೆಣದ ಮುಚ್ಚಿದ ಕಣ್ಣು ತೆರೆಸುವುದು, ಎಲ್ಲಕ್ಕೂ ನಮ್ಮಲ್ಲಿ ಒಂದೇ ಮಾತು: ತಿದ್ದು. ಪ್ರಿಂಟು ಒಣಗಿದ ಕೂಡಲೇ ಧಣಿ ನನ್ನ ಮೇಜಿನ ಮೇಲೆ ಇಟ್ಟು "ತಿದ್ದಿ ಕೊಡು" ಅನ್ನುತ್ತಿದ್ದರು. ಶಾಲೆಯಲ್ಲಿ ಮಾಸ್ತರರು ನನ್ನ ಪುಸ್ತಕ ತಿದ್ದುತ್ತಿದ್ದರು. ಇಲ್ಲಿ ಮಾಸ್ತರರ ಮುಖವನ್ನೇ ನಾನು ತಿದ್ದಿ ಕೊಟ್ಟಿದ್ದೇನೆ.

ಆ ದಿನ ಚೆನ್ನಾಗಿ ನೆನಪಿದೆ. ಗಂಡ ಹೆಂಡತಿ ಇಬ್ಬರೂ ಮೆಟ್ಟಿಲು ಹತ್ತಿ ಬಂದರು. ಕರೆಂಟು ಹೋಗಿತ್ತು. ಧಣಿ ಬೆಂಚು ತೋರಿಸಿ "ಕೂತ್ಕೊಳ್ಳಿ, ಈಗ ಬರ್ತದೆ" ಅಂದರೆ ಹೆಂಗಸು ಕೂರಲೇ ಇಲ್ಲ. ಗಂಡ ಅರ್ಧ ಕನ್ನಡ ಅರ್ಧ ಮಲಯಾಳದಲ್ಲಿ ಹೇಳಿದ, ಅವಳು ಕೊಕ್ಕಡದಿಂದ ಬಸ್ಸಿನಲ್ಲಿಯೂ ನಿಂತೇ ಬಂದದ್ದು, ಧರ್ಮಸ್ಥಳದಲ್ಲಿ ಅರ್ಧ ಬಸ್ಸು ಖಾಲಿಯಾದರೂ ಕೂರಲಿಲ್ಲ, ಕಂಡಕ್ಟರ್ ಬೈದ, ಆದರೂ ಕೂರಲಿಲ್ಲ. "ಕೂತರೆ ಹಿಂದೆ ಎಲ್ಲ ಹೋಯ್ತು," ಎಂದು ಕೈಯಲ್ಲಿ ಬೀಸಣಿಗೆಯ ಆಕಾರ ಮಾಡಿ ತೋರಿಸಿದ. ಕರೆಂಟು ಬರಲಿಲ್ಲ. ಕಿಟಕಿಯ ಬೆಳಕಿನಲ್ಲೇ ತೆಗೆಯುವ ಎಂದು ಧಣಿ ಕ್ಯಾಮೆರಾ ಇಟ್ಟರೆ ಹೆಂಗಸು ಕ್ಯಾಮೆರಾಕ್ಕೆ ಬೆನ್ನು ಹಾಕಿ ನಿಂತುಬಿಟ್ಟರು.

"ಹೋಯ್, ಈಚೆ ತಿರುಗ್ಲಿಕ್ಕೆ ಹೇಳಿ ಮಾರಾಯ್ರೆ! ಬೆನ್ನಿನ ಫೋಟೋ ತೆಗೀಲಿಕ್ಕೆ ನಾನೇನು ಎಕ್ಸ್‌ರೇ ಡಾಕ್ಟರಾ?" ಎಂದು ಧಣಿ ನಕ್ಕರು. ನಾನೂ ನಕ್ಕೆ. ಗಂಡನೂ ನಕ್ಕ. ಅವರು ನಗಲಿಲ್ಲ. ಕೊನೆಗೆ ಅರ್ಧಕ್ಕೆ ರಾಜಿಯಾಗಿ, ಮೈ ಪಕ್ಕಕ್ಕೆ, ಮುಖ ಕ್ಯಾಮೆರಾಕ್ಕೆ. ನೆರಳಿನ ಬದಿಗೆ ಬೆಳಕು ಹೊಡೆಯಲು ಒಂದು ಬಿಳಿ ಬೆಡ್‌ಶೀಟನ್ನು ಅಡ್ಡ ಹಿಡಿಯಬೇಕಾಯಿತು. ಒಂದು ತುದಿ ಗಂಡ, ಇನ್ನೊಂದು ತುದಿ ನಾನು.

ಬಣ್ಣ ಬೇಕಾ ಎಂದು ಧಣಿ ಕೇಳಿದ್ದಕ್ಕೆ ಆ ಗಂಡ ಮೆಟ್ಟಿಲಿಳಿಯುತ್ತ ಹೇಳಿದ ಮಾತು ಇದು: "ಬಣ್ಣ ಮುಖಕ್ಕೆ ಮಾತ್ರ. ಚಟ್ಟ ಹಾಗೇ ಇರಲಿ."

ಆಗ ನಮಗೆ ಚಟ್ಟ ಎಂದರೆ ಒಂದೇ ಅರ್ಥ. ಹೆಣ ಹೊರುವುದು. ಅವನು ಕೆಳಗಿಳಿದ ಮೇಲೆ ಧಣಿ ನನ್ನ ಮುಖ ನೋಡಿದರು. "ಏನು ಮಾರಾಯ ಈ ಜನ! ಹೆಂಡತಿ ಗಟ್ಟಿಮುಟ್ಟಾಗಿ ಎದುರು ನಿಂತಿರುವಾಗ ಚಟ್ಟದ ಮಾತು!" ಮರುದಿನ ಪ್ರಿಂಟು ಒಣಗಿತು. ಮೇಲಿನಿಂದ ಕೆಳಗಿನವರೆಗೆ ಬಿಳಿ, ಹಣೆಯಲ್ಲಿ ಬೊಟ್ಟಿಲ್ಲ. ಧಣಿಗೆ ಇನ್ನೂ ಕಸಿವಿಸಿ. "ಗಂಡ ಇರುವಾಗಲೇ ಗಂಡ ಸತ್ತವಳ ಹಾಗೆ ಕಾಣ್ತದೆ. ನಾಳೆ ಇದನ್ನು ಗೋಡೆಗೆ ಹಾಕಿದ್ರೆ ಬಂದವರು ಎಂತ ಹೇಳಿಯಾರು? ಪಾಪ, ಗೊತ್ತಾಗುವುದಿಲ್ಲ ಅವರಿಗೆ. ತಿದ್ದಿ ಕೊಡು."

ತಿದ್ದಿದೆ. ಬೆನ್ನ ಹಿಂದಿನ ಆ ಬೀಸಣಿಗೆ ನನ್ನ ಕಣ್ಣಿಗೆ ಬಟ್ಟೆಯ ಗಂಟು ಹೊರಗೆ ಬಂದ ಹಾಗೆ ಕಂಡಿತ್ತು. ಅದರ ಮೇಲೆ ಹಿಂದಿನ ಪರದೆಯದ್ದೇ ಬೂದು ಬಣ್ಣ ಗಟ್ಟಿಯಾಗಿ ಬಳಿದೆ. ಹೆಗಲಿಂದ ಸೆರಗು ಇಳಿಸಿದೆ. ಬೊಟ್ಟು ಮಾತ್ರ ಇಡಲಿಲ್ಲ, ಕ್ರೈಸ್ತರೆಂದು ಅಷ್ಟು ಗೊತ್ತಿತ್ತು. ಫೋಟೋ ಒಯ್ಯಲು ಗಂಡ ಒಬ್ಬನೇ ಬಂದ. ಬಹಳ ಹೊತ್ತು ನೋಡಿದ. ಆಮೇಲೆ ಕೇಳಿದ:

"ಇದು ಯಾರ ಹೆಂಡತಿ?"

ನಾವಿಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಹೆಂಡತಿಯ ಗುರುತೇ ಸಿಗದಷ್ಟು ಚೆಂದ ಮಾಡಿದ್ದೇನೆ ಎಂದು ನಾನು ತಿಳಿದೆ. ಈ ಮಾತನ್ನು ನನ್ನ ಕೈಗೆ ಸಿಕ್ಕಿದ ಸರ್ಟಿಫಿಕೇಟಿನ ಹಾಗೆ ಮದುವೆ ಮನೆಗಳಲ್ಲಿ, ಅಂಗಡಿಯಲ್ಲಿ ಎಷ್ಟು ಜನಕ್ಕೆ ಹೇಳಿದ್ದೇನೋ.

ಇರಲಿ. ನೆಗೆಟಿವ್ ಹುಡುಕಬೇಕಿತ್ತು. ಧಣಿ ತೀರಿಹೋಗಿದ್ದಾರೆ. ಮಗ ಗಲ್ಫಿನಲ್ಲಿ. ಮೂಡುಬಿದಿರೆಯಲ್ಲಿರುವ ಸೊಸೆಗೆ ಫೋನು ಮಾಡಿದರೆ, ಹಳೇ ಪೆಟ್ಟಿಗೆಗಳನ್ನೆಲ್ಲ ಮಿಜಾರಿನ ಕಡೆಯ ಒಂದು ಕಾಲೇಜಿನವರು ಬಂದು ಕೊಂಡುಹೋದರು ಎಂದರು. "ಅವರು ಅದನ್ನೆಲ್ಲ ಕಂಪ್ಯೂಟರಿಗೆ ಹಾಕಿ ಪ್ರದರ್ಶನ ಮಾಡ್ತಾರಂತೆ ಅಣ್ಣ, ನಮಗೂ ಮನೆಯಲ್ಲಿ ಜಾಗ ಆಯ್ತು."

ಮೊದಲ ದಿನ ಗೇಟಿನಲ್ಲೇ ಮುಗಿಯಿತು. ಸೆಕ್ಯುರಿಟಿಯವನು ರಿಜಿಸ್ಟರ್ ಮುಂದೆ ಇಟ್ಟ.

"ಅಪಾಯಿಂಟ್‌ಮೆಂಟ್ ಉಂಟಾ?"

"ಇಲ್ಲ. ಇಲ್ಲಿ ಇರುವ ನೆಗೆಟಿವ್ ತೊಳೆದವ ನಾನು."

"ಅದು ಇಲ್ಲಿ ಬರೀಲಿಕ್ಕೆ ಕಾಲಮ್ಮಿಲ್ಲ. ಇಮೇಲ್ ಮಾಡಿ ಬನ್ನಿ."

ಬಿ.ಸಿ.ರೋಡಿನಿಂದ ಎರಡು ಬಸ್ಸು ಬದಲಿಸಿ ಹೋದವನು ಎರಡು ಬಸ್ಸು ಬದಲಿಸಿ ಬಂದೆ. ಪಕ್ಕದ ಜೆರಾಕ್ಸ್ ಅಂಗಡಿಯವನಿಂದ ಇಮೇಲ್ ಮಾಡಿಸಿದೆ. ನಾಲ್ಕು ದಿನ ಉತ್ತರವಿಲ್ಲ. ಐದನೇ ದಿನ ಬಂದ ಉತ್ತರದಲ್ಲಿ ಯಾವ ದಿನ ಬರಬೇಕೆಂದಿತ್ತು, ಎಷ್ಟು ಹೊತ್ತಿಗೆ ಎಂದಿರಲಿಲ್ಲ. ಬೆಳಿಗ್ಗೆಯೇ ಹೋದೆ. ನೋಡಿಕೊಳ್ಳುವ ಮೇಡಂ ಮೀಟಿಂಗಿನಲ್ಲಿದ್ದರು. ಕಾರಿಡಾರಿನಲ್ಲಿ ಕುರ್ಚಿ ಇರಲಿಲ್ಲ, ಆದ್ದರಿಂದ ಗೋಡೆಯ ಫೋಟೋಗಳನ್ನು ನೋಡುತ್ತ ನಡೆದೆ. ಎಲ್ಲ ನಮ್ಮ ಸ್ಟುಡಿಯೋದವು. ಮದುಮಕ್ಕಳು, ಅಂಗಡಿಯ ಉದ್ಘಾಟನೆ, ಕಂಬಳದ ಕೋಣ. ಕೊನೆಯ ತಿರುವಿನಲ್ಲಿ ಆ ಹೆಂಗಸು ಇದ್ದರು.

ಬಿಳಿ ಚಟ್ಟ, ಬಿಳಿ ಮುಂಡು, ಹೆಗಲ ಮೇಲೊಂದು ತೆಳು ಬಟ್ಟೆ. ಹಿಂದೆ ಬಿಚ್ಚಿ ನಿಂತ ನೆರಿಗೆ, ಒಂದೊಂದು ಮಡಿಕೆಯ ಅಂಚಿಗೂ ಕಿಟಕಿಯ ಬೆಳಕು ಬೇರೆಬೇರೆಯಾಗಿ ಕೂತಿತ್ತು. ಇದನ್ನು ನಾನು ಬಟ್ಟೆಯ ಗಂಟು ಎಂದಿದ್ದೆ. ಕೆಳಗೆ ಅಚ್ಚು ಹಾಕಿದ ಚೀಟಿ: 'ಕೇರಳದಿಂದ ವಲಸೆ ಬಂದ ವಿಧವೆ. ಛಾಯಾಗ್ರಾಹಕರು: ತಿಳಿದಿಲ್ಲ.'

ಮೇಡಂ ಬಂದಾಗ ನನ್ನ ತಲೆ ಕಾದಿತ್ತು. ಅವರದ್ದು ನನ್ನ ಮಗಳ ಪ್ರಾಯ, ಮಾತು ಮೆತ್ತಗೆ.

"ಇವರು ವಿಧವೆ ಅಂತ ನಿಮಗೆ ಹೇಳಿದ್ದು ಯಾರು?"

"ಅದು ನಮ್ಮ ಟೀಮ್ ಸ್ಟಡಿ ಮಾಡಿ ಬರೆದದ್ದು ಅಂಕಲ್."

"ಎಂತ ನೋಡಿ?"

"ಪೂರ್ತಿ ಬಿಳಿ ಬಟ್ಟೆ, ಹಣೆಯಲ್ಲಿ ಬೊಟ್ಟಿಲ್ಲ..."

"ಅವರು ಕ್ರೈಸ್ತರು! ಅವರ ಊರಿನಲ್ಲಿ ಮದುವೆಗೂ ಅದನ್ನೇ ಉಡುವುದು. ಗಂಡ ಇದ್ದ, ಅಲ್ಲೇ ಇದ್ದ!"

"ಹೌದಾ ಅಂಕಲ್? ಒಳ್ಳೆ ಮಾಹಿತಿ. ರೆಫರೆನ್ಸ್ ಏನಾದ್ರೂ ಉಂಟಾ?"

ಇಷ್ಟು ಓದಿದವರು, ಕಂಪ್ಯೂಟರಿನ ಎದುರು ಕೂತು, ನಮ್ಮ ಧಣಿ ಹೇಳಿದ್ದನ್ನೇ ಅಕ್ಷರ ಬಿಡದೆ ಹೇಳುತ್ತಿದ್ದಾರೆ. ಧಣಿ ಹೇಳಿದ್ದನ್ನು ಒಪ್ಪಿ ಕುಂಚ ಎತ್ತಿದವನು ನಾನು. ಬೈಯಬೇಕಾದ ಮಾತೆಲ್ಲ ನನ್ನ ಕಡೆಗೇ ತಿರುಗಿತು. ಇದಕ್ಕಿಂತ ದೊಡ್ಡ ಕಿರಿಕಿರಿ ಮನುಷ್ಯನಿಗೆ ಬೇರೆ ಇಲ್ಲ.

ಗೋಡೆಯ ಮೇಲಿದ್ದದ್ದು ಬದಿ ಕತ್ತರಿಸಿದ ಫೋಟೋ. ಪೂರ್ತಿ ತೋರಿಸಿ ಎಂದೆ. ಮೇಡಂ ಕಂಪ್ಯೂಟರಿನಲ್ಲಿ ತೆರೆದರು. ಎಡಬದಿಯ ತುದಿಯಲ್ಲಿ, ಬೆಡ್‌ಶೀಟಿನ ಅಂಚಿನ ಮೇಲೆ, ನಾಲ್ಕು ಬೆರಳು. ಒಂದರಲ್ಲಿ ಉಂಗುರ.

"ನೋಡಿ! ಇದು ಗಂಡನ ಕೈ."

"ಯಾರ ಕೈಯೂ ಆಗಿರಬಹುದಲ್ಲ ಅಂಕಲ್?"

"ಬೆಡ್‌ಶೀಟಿನ ಆಚೆ ತುದಿ ಹಿಡಿದವ ನಾನು ಮಾರಾಯ್ರೆ!"

ಪಕ್ಕದ ಮೇಜಿನ ಇಬ್ಬರು ತಲೆ ಎತ್ತಿ ನೋಡಿದರು. ಮೇಡಂ ಸಿಟ್ಟಾಗಲಿಲ್ಲ. ಅವರು ಸಿಟ್ಟಾಗಿದ್ದರೆ ನನಗೆ ಹಗುರವಾಗುತ್ತಿತ್ತು. "ಹಾಗಾದ್ರೆ ಅದನ್ನೇ ಬರೆದು ಕೊಡಿ ಅಂಕಲ್. ನೀವು ಯಾರು, ನಿಮಗೆ ಹೇಗೆ ಗೊತ್ತು ಅಂತ. ಮನೆಯವರ ಸಹಿ ಬೇಕು. ಮತ್ತೆ ಅವರ ಮನೆಯಲ್ಲಿ ಇದೇ ಫೋಟೋದ ಪ್ರಿಂಟು ಉಂಟು ಅಂತ ಇಮೇಲಿನಲ್ಲಿ ಇತ್ತಲ್ಲ, ಅದರದ್ದೊಂದು ಕಾಪಿ ತನ್ನಿ. ಎರಡನ್ನೂ ಹೊಂದಿಸಿ ನೋಡಿ ಚೀಟಿ ಬದಲಾಯಿಸುವ."

ಹೊಂದಿಸಿ ನೋಡಬೇಕಂತೆ! ಒಂದರಲ್ಲಿ ಚಟ್ಟ-ಮುಂಡು, ಇನ್ನೊಂದರಲ್ಲಿ ಗಿಳಿಹಸಿರು ಸೀರೆ. ಹೊಂದುವುದಿಲ್ಲ. ಯಾಕೆ ಹೊಂದುವುದಿಲ್ಲ ಎಂದು ಬರೆಯದಿದ್ದರೆ ಆ ಹೆಂಗಸು ಅಲ್ಲಿ ವಿಧವೆಯಾಗಿಯೇ ನೇತಾಡುತ್ತಾರೆ. ಬರೆಯಬೇಕಾದರೆ, ಬಳಿದವನು ನಾನೆಂದು ಬರೆಯಬೇಕು. ಆ ಕಾಗದಕ್ಕೆ ಅವರ ಮಗಳು ಸಹಿ ಹಾಕಬೇಕು.

ನೆಗೆಟಿವಿನ ಒಂದು ಕಾಪಿಯನ್ನು ಪೆನ್‌ಡ್ರೈವಿಗೆ ಹಾಕಿ ಕೊಟ್ಟರು, ಅದಕ್ಕೂ ಮೂರು ಕಡೆ ಸಹಿ. ಬಸ್ಸಿನಲ್ಲಿ ಕಿಸೆ ಮುಟ್ಟಿ ಮುಟ್ಟಿ ನೋಡುತ್ತ ಬಂದೆ. ಪ್ರಿಂಟು ತೆಗೆಯುವುದರಲ್ಲಿ ಕಷ್ಟವಿರಲಿಲ್ಲ. ಬದಿ ಕತ್ತರಿಸದೆ, ಬೆರಳು ಸಹಿತ, ಎರಡು ಅಡಿಗೆ ಮೂರು ಅಡಿ. ಏನೂ ತಿದ್ದಲಿಲ್ಲ. ನೆಗೆಟಿವಿನ ಮೇಲಿನ ಎರಡು ಗೀರು ಅವರ ಕೆನ್ನೆಯ ಮೇಲೆ ಬಂದಿತ್ತು. ಅದನ್ನು ತೆಗೆಯಲಿಕ್ಕೂ ಕೈ ಹೋಗಲಿಲ್ಲ.

ಕಾಗದವೇ ಕಷ್ಟ. ನನ್ನ ಅಕ್ಷರ ಮುತ್ತಿನ ಹಾಗೆ, ಫೋಟೋದ ರಟ್ಟಿನ ಮೇಲೆ ಎಷ್ಟೋ ಮದುಮಕ್ಕಳ ಹೆಸರು ಬರೆದ ಕೈ. ಆದರೆ ಮೂರು ಸಲ ಹರಿದೆ. ಮೊದಲನೆಯದರಲ್ಲಿ 'ಸ್ಟುಡಿಯೋದವರು' ಎಂದು ಬರೆದಿದ್ದೆ. ಎರಡನೆಯದರಲ್ಲಿ 'ಮಾಲಕರ ಸೂಚನೆಯಂತೆ'. ಸತ್ತವರ ತಲೆಗೆ ಕಟ್ಟುವುದು ಸರಿ ಕಾಣಲಿಲ್ಲ. ಮೂರನೆಯದರಲ್ಲಿ 'ನಾವು' ಎಂದಿತ್ತು. ನಾಲ್ಕನೆಯದರಲ್ಲಿ ಬರೆದೆ: 'ಸದರಿ ಮಹಿಳೆಯ ಪತಿ ಆ ದಿನ ನನ್ನ ಎದುರು ಬೆಡ್‌ಶೀಟ್ ಹಿಡಿದು ನಿಂತಿದ್ದರು. ಕುಟುಂಬದ ಬಳಿ ಇರುವ ಫೋಟೋದಲ್ಲಿ ಬಿಳಿ ಉಡುಪನ್ನು ಸೀರೆಯಾಗಿ ನಾನು ತಿದ್ದಿದ್ದೇನೆ.'

ಹಬ್ಬಕ್ಕೆ ಹತ್ತು ದಿನ ಇರುವಾಗ ಹೊರಟೆ. ಪ್ರಿಂಟನ್ನು ದಪ್ಪ ಹಾಳೆಗೆ ಅಂಟಿಸಿದ್ದೆ, ಬಗ್ಗಿಸುವ ಹಾಗಿಲ್ಲ. ಉಪ್ಪಿನಂಗಡಿಯಲ್ಲಿ ಬಸ್ಸು ಬದಲಿಸಿದೆ. ಕೊಕ್ಕಡದ ಬಸ್ಸಿನಲ್ಲಿ ಸೀಟು ಇತ್ತು, ಆದರೆ ಅದನ್ನು ಎದುರು ಇಟ್ಟು ಕೂತರೆ ಮೂಲೆ ಮಡಚುತ್ತದೆ, ಬದಿಯಲ್ಲಿ ಇಟ್ಟರೆ ದಾರಿಗೆ ಅಡ್ಡ. ಕಂಬಕ್ಕೆ ಒರಗಿ, ಎರಡು ಕೈಯಲ್ಲಿ ಹಿಡಿದು ನಿಂತೆ.

"ಅಜ್ಜ, ಸೀಟು ಖಾಲಿ ಉಂಟು, ಕೂತ್ಕೊಳ್ಳಿ," ಅಂದ ಕಂಡಕ್ಟರ್.

"ಬೇಡ."

"ಬಿದ್ರೆ ನನ್ನ ಕುತ್ತಿಗೆಗೆ ಬರ್ತದೆ. ಕೂತ್ಕೊಳ್ಳಿ ಮಾರಾಯ್ರೆ!"

"ಕೂತರೆ ಇದು ಹೋಯ್ತು," ಅಂದೆ. ಆ ರಸ್ತೆಯ ಒಂದೊಂದು ತಿರುವಿಗೂ ಕಂಬಕ್ಕೆ ಇನ್ನಷ್ಟು ಒತ್ತಿ ನಿಂತೆ. ಆ ಕಾಲದ ಬೆಳ್ತಂಗಡಿಯ ದಾರಿ ಇದಕ್ಕಿಂತ ಒಳ್ಳೆಯದಿರಲಿಲ್ಲ.

ಅವರ ಮನೆ ರಸ್ತೆಯಿಂದ ಸ್ವಲ್ಪ ಮೇಲೆ. ಜಗಲಿಯ ಗೋಡೆಗೆ ಒರಗಿಸಿ ಪೇಪರು ತೆಗೆದೆ. ಅವರು ಹತ್ತಿರ ಬಂದು ಕೂತರು, ನೆಲದಲ್ಲೇ. ಮುಖ ನೋಡಿದ್ದು ಆಮೇಲೆ. ಮೊದಲು ನೋಡಿದ್ದು ಹಿಂದಿನ ನೆರಿಗೆ.

"ಇದನ್ನು ಆ ಬೆಳಿಗ್ಗೆ ಹಿಡಿದು ಕೊಟ್ಟದ್ದು ನಾನು," ಅಂದರು. "ಎರಡು ಸಲ ಬಿಚ್ಚಿಸಿದ್ರು. 'ಒಂದು ನೆರಿಗೆ ದಪ್ಪ ಬಂತು, ಪುನಃ ಹಿಡಿ' ಅಂತ. ಕೇರಳದ ಊರಿನಲ್ಲಿದ್ದ ಅವರ ಅಕ್ಕನಿಗೆ ಒಂದು ಕಾಪಿ ಕಳಿಸ್ಲಿಕ್ಕಿತ್ತು. ಕಾಡಿಗೆ ಹೋಗಿ ನೆರಿಗೆ ಹಿಡೀಲಿಕ್ಕೂ ಮರ್ತಿದ್ದಾಳೆ ಅಂತ ಆ ದೊಡ್ಡಮ್ಮ ಕಾಗದ ಬರೆದಿದ್ರು. ಅದಕ್ಕೇ ಬೆನ್ನು ತೋರಿಸುವುದು ಅಂತ ಹೊರಟದ್ದು."

"ಕಳಿಸಿದ್ರಾ?"

"ಯಾವುದನ್ನು ಕಳಿಸುವುದು? ಹಸಿರು ಸೀರೆಯದ್ದಾ?" ಎಂದು ನನ್ನ ಕಡೆ ನೋಡದೆ ಹೇಳಿದರು. "ಅದನ್ನು ಒಳಗಿನ ಗೋಡೆಗೆ ಹಾಕಿದ್ರು. ಯಾರಾದ್ರೂ ಬಂದು 'ಇದು ಯಾರು' ಅಂತ ಕೇಳಿದ್ರೆ ಅಮ್ಮಚ್ಚಿ 'ಅದು ಸ್ಟುಡಿಯೋದವಳು' ಅಂತಿದ್ರು. ನಮಗೆಲ್ಲ ಅದು ಸ್ಟುಡಿಯೋದವಳೇ. ಮಕ್ಕಳು ಹಟ ಮಾಡಿದ್ರೆ 'ಸ್ಟುಡಿಯೋದವಳಿಗೆ ಕೊಟ್ಟುಬಿಡ್ತೇನೆ' ಅಂತ ಹೆದರಿಸುವುದು."

ಅವರ ಬೆರಳು ಫೋಟೋದ ಎಡ ಅಂಚಿಗೆ ಹೋಗಿ ನಿಂತಿತು. "ಅಯ್ಯೋ, ಅಪ್ಪಚ್ಚನ್!"

"ಬೆರಳು ನೋಡಿ ಗೊತ್ತಾಯ್ತಾ?"

"ಈ ಉಗುರು ನೋಡಿ. ರಬ್ಬರ್ ಕತ್ತಿ ತಾಗಿ ಎರಡಾದದ್ದು. ಮತ್ತೆ ಸೇರ್ಲೇ ಇಲ್ಲ."

ಅಷ್ಟು ದೊಡ್ಡ ಪ್ರಿಂಟು ನನ್ನ ಕೈಯಿಂದಲೇ ಹೊರಬಂದದ್ದು. ಆ ಉಗುರು ನನಗೆ ಕಂಡಿರಲಿಲ್ಲ. ಕಾಲೇಜಿನ ಕಂಪ್ಯೂಟರಿಗೂ ಕಂಡಿರಲಿಲ್ಲ.

ಇನ್ನು ತಡ ಮಾಡಿ ಪ್ರಯೋಜನವಿಲ್ಲವೆಂದು ಕಾಗದ ತೆಗೆದು ಕೊಟ್ಟೆ. ಕಾಲೇಜಿನ ಗೋಡೆಯ ಚೀಟಿಯ ವಿಷಯ ಹೇಳಿದೆ, ಸಹಿ ಬೇಕೆಂದೆ. ಅವರು ಕನ್ನಡಕ ಹಾಕಿಕೊಂಡು ಓದಲು ಶುರು ಮಾಡಿದರು, ಗಟ್ಟಿಯಾಗಿ, ಶಾಲೆಯ ಮಕ್ಕಳ ಹಾಗೆ ಒಂದೊಂದು ಶಬ್ದ ಬಿಡಿಸಿ. "ಬಿಳಿ ಉಡುಪನ್ನು... ಸೀರೆಯಾಗಿ... ನಾನು..." ನಿಲ್ಲಿಸಿದರು.

"ಈ 'ನಾನು' ಅಂದ್ರೆ ಯಾರು?"

"ನಾನೇ."

"ಎರಡು ಮೂರು ಜನ ಇದ್ದೆವು ಅಂದ್ರಲ್ಲ?"

"ಇರ್ಲಿಲ್ಲ."

ಕಾಗದ ಮಡಿಲಿನಲ್ಲಿ ಇಟ್ಟುಕೊಂಡು ಕೂತರು. ಬೈಯಲಿ ಎಂದು ನಾನು ಕಾದೆ. ಧಣಿಯ ಮಾತು, ಬಿಳಿ ಬಟ್ಟೆಯ ನಮ್ಮ ಕಡೆಯ ಅರ್ಥ, ಚಟ್ಟ ಎಂಬ ಮಾತು ನಮ್ಮ ಕಿವಿಗೆ ಕೇಳಿಸಿದ ರೀತಿ, ಒಳ್ಳೆಯದಕ್ಕೇ ಮಾಡಿದ್ದು ಎಂಬುದು, ಎಲ್ಲ ಹೇಳಿದೆ. ಚಟ್ಟದ ಮಾತು ಕೇಳಿ ಅವರ ಬಾಯಿಯ ಒಂದು ಬದಿ ನಗಲು ಹೋಗಿ ನಿಂತಿತು.

"ಸಹಿ ಹಾಕ್ತೇನೆ," ಎಂದರು. "ಆದ್ರೆ ಇದರಲ್ಲಿ ಒಂದು ಶಬ್ದ ತಪ್ಪುಂಟು."

ನನ್ನ ಕಾಗದದಲ್ಲಿ ತಪ್ಪು! "ಎಲ್ಲಿ?"

"'ತಿದ್ದಿದ್ದೇನೆ' ಅಂತ ಬರೆದಿದ್ದೀರಿ. ತಪ್ಪಿದ್ದದ್ದನ್ನು ಅಲ್ವಾ ತಿದ್ದುವುದು? ಅಮ್ಮಚ್ಚಿಯದ್ದು ಎಂತ ತಪ್ಪಿತ್ತು?"

"ಅಕ್ಕ, ಅದು ನಮ್ಮ ಕಸುಬಿನ ಮಾತು. ನಲವತ್ತು ವರ್ಷದಿಂದ ಅದಕ್ಕೆ ಹಾಗೇ ಹೇಳುವುದು. ಎಲ್ಲ ಸ್ಟುಡಿಯೋದಲ್ಲೂ ಹಾಗೇ."

"ಹೇಳಿ, ಬೇಡ ಅಂತ ನಾನು ಹೇಳ್ಲಿಲ್ಲ. ನನ್ನ ಸಹಿ ಇರುವ ಕಾಗದದಲ್ಲಿ ಬೇಡ."

ಪೆನ್ನನ್ನು ನನ್ನ ಕಡೆಗೆ ಹಿಡಿದರು. ನಾನು ಬರೆದ ಕಾಗದದಲ್ಲಿ ಕಾಟು ಹಾಕಿದ್ದು ಅದೇ ಮೊದಲು. ನನಗೆ ತುಂಬ ಸಿಟ್ಟು ಬಂದಿತ್ತು, ಸುಳ್ಳು ಹೇಳುವುದಿಲ್ಲ. ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು. ಧಣಿ ಇದ್ದಿದ್ದರೆ ಅವರ ಹತ್ತಿರ ಜಗಳ ಮಾಡಬಹುದಿತ್ತು. 'ತಿದ್ದಿದ್ದೇನೆ' ಎಂಬುದರ ಮೇಲೆ ಗೆರೆ ಎಳೆದು ಏನು ಬರೆಯುವುದೆಂದು ಯೋಚಿಸಿದೆ. ಆಮೇಲೆ ವಾಕ್ಯವನ್ನೇ ಬದಲಿಸಿದೆ. 'ಬಿಳಿ ಉಡುಪನ್ನೂ ಬೆನ್ನ ಹಿಂದಿನ ನೆರಿಗೆಯನ್ನೂ ನಾನು ಅಳಿಸಿದ್ದೇನೆ.' ಅವರು ಓದಿ ಸಹಿ ಹಾಕಿದರು.

ಆ ಕಾಗದ ಕೊಟ್ಟು ಈಗ ಎರಡು ತಿಂಗಳಾಗುತ್ತ ಬಂತು. ಫೋನು ಮಾಡಿದರೆ ಮೇಡಂ "ಪ್ರೋಸೆಸ್‌ನಲ್ಲಿ ಉಂಟು ಅಂಕಲ್" ಅನ್ನುತ್ತಾರೆ. ಕಳೆದ ವಾರ ಹೋದಾಗ ಚೀಟಿ ಹಾಗೆಯೇ ಇತ್ತು. ಮುಂದಿನ ವಾರ ಪುನಃ ಹೋಗುತ್ತೇನೆ. ಸೆಕ್ಯುರಿಟಿಯವನಿಗೆ ನನ್ನ ಪರಿಚಯವಾಗಿದೆ, ಈಗ ಅವನೇ ರಿಜಿಸ್ಟರಿನಲ್ಲಿ 'ವಿಧವೆ ವಿಷಯ' ಎಂದು ಬರೆದುಕೊಳ್ಳುತ್ತಾನೆ. ಅದನ್ನೂ ಹೇಳಿ ಅಳಿಸಬೇಕು.

ಆ ದಿನ ಕೊಕ್ಕಡದಿಂದ ಹೊರಡುವಾಗ ಅವರು ಒಳಗೆ ಹೋಗಿ ಹಳೆಯ ಚೌಕಟ್ಟನ್ನು ತಂದು ನನ್ನ ಕೈಗಿಟ್ಟರು. "ಇದನ್ನು ನೀವೇ ಕೊಂಡುಹೋಗಿ ಅಣ್ಣ. ಕಾಲೇಜಿಗೆ ತೋರಿಸಿ ಆದ ಮೇಲೆ ನಮಗೆ ಬೇಡ." ನೀರು ಬೆಲ್ಲ ಕೊಟ್ಟರು. ಹಬ್ಬಕ್ಕೆ ಬನ್ನಿ ಎನ್ನಲಿಲ್ಲ.

ಬಸ್ಸಿನಲ್ಲಿ ಈ ಸಲ ಕೂತೆ. ಚೌಕಟ್ಟು ತೊಡೆಯ ಮೇಲಿತ್ತು, ಮುಖ ಮೇಲೆ. ಪಕ್ಕದಲ್ಲಿ ಕೂತಿದ್ದವರು ನನಗಿಂತ ಹಿರಿಯರು, ಬಹಳ ಹೊತ್ತು ಅದನ್ನೇ ನೋಡುತ್ತಿದ್ದರು.

"ಚೆಂದ ಉಂಟು ಫೋಟೋ. ನಿಮ್ಮ ಮನೆಯವರಾ?"

"ಅಲ್ಲ."

"ಮತ್ತೆ ಯಾರು?"

ಆ ಸೀರೆಯ ಅಂಚು, ಆ ಬಳ್ಳಿ, ಹೆಗಲಿಂದ ಇಳಿದ ಸೆರಗು. ಒಳ್ಳೆಯ ಕೆಲಸ, ಈಗಲೂ ಹೇಳುತ್ತೇನೆ.

"ಯಾರೂ ಅಲ್ಲ," ಅಂದೆ. "ಇಂಥವರು ಯಾರೂ ಇರ್ಲಿಲ್ಲ. ನಾನು ಮಾಡಿದ್ದು."